ಬೇಡವೆನ್ನುವ ಅಧಿಕಾರ

ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳ ಕಾಲ ಲೇತಿನ ಮುಂದೆ ನಿಂತು ದುಡಿದಿದ್ದ ನನ್ನ ಸೋದರಮಾವನವರು, ಒಂದು ದಿನ ಮೊದಲ ಪಾಳಿ ಮುಗಿಸಿಕೊಂಡು ಮನೆಗೆ ಬಂದವರೇ, ಕೈಕಾಲು ತೊಳೆಯುವುದಕ್ಕೂ ಮುನ್ನ, ಊಟದ ಡಬ್ಬಿಯ ಚೀಲದಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಆಗ ಕಾಲೇಜಿನಲ್ಲಿ ಓದುತ್ತಿದ್ದ ಕಾರಣ, ಇಂಗ್ಲಿಷಿನಲ್ಲಿ ಮನೆಗೆ ಬರುವ ಸಕಲ ಕಾಗದಪತ್ರಗಳ ಅರ್ಥವನ್ನು ಹೇಳುವ ಹೊಣೆ ನನ್ನ ಪಾಲಿಗೆ ಬಂದಿದ್ದಿತು. ಅದು ಸ್ವಯಂ ನಿವೃತ್ತಿಯ ಅರ್ಜಿ. ಹೆಸರು, ಟೋಕನ್ ಸಂಖ್ಯೆ, ವಿಭಾಗ, ಸೇವೆಗೆ ಸೇರಿದ ದಿನಾಂಕ ಇವಿಷ್ಟನ್ನು ತುಂಬಿ, ಕಂಪನಿಯು ಪ್ರಕಟಿಸಿರುವ ಯೋಜನೆಯ ಮೇರೆಗೆ ನಾನು ಸ್ವಂತ ಇಚ್ಛೆಯಿಂದ ನಿವೃತ್ತಿಯನ್ನು ಬಯಸುತ್ತೇನೆ ಎಂಬ ವಾಕ್ಯದ ಕೆಳಗೆ ರುಜು ಹಾಕತಕ್ಕದ್ದೆಂದು ಅದರಲ್ಲಿ ಅಚ್ಚಾಗಿತ್ತು. ಆ ವಾಕ್ಯವನ್ನು ನಾನು ಕನ್ನಡದಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸ್ವಂತ ಇಚ್ಛೆ ಅಂದ್ರೆ, ಬೇಡ ಅನ್ನೋದಕ್ಕೂ ಬರುತ್ತೇನಪ್ಪಾ?” ಎಂದು ಕೇಳಿದರು.

ನಾನು ಕಾಗದವನ್ನು ಮಗುಚಿ ನೋಡಿದೆ, ಹಿಂಬದಿ ಖಾಲಿಯಾಗಿತ್ತು. ಅರ್ಜಿ ಕೊಡದವರ ಗತಿಯೇನೆಂಬುದನ್ನು ಫೋರ್‌ಮನ್ನರು ಬಾಯಿಮಾತಿನಲ್ಲಿ ತಿಳಿಸಿದ್ದರಂತೆ: ಹತ್ತು ದಿನದೊಳಗೆ ರುಜು ಹಾಕದಿದ್ದವರಿಗೆ ಉತ್ತರದ ಕಡೆಯ ಒಂದು ಘಟಕಕ್ಕೆ ವರ್ಗವಾಗುವುದು, ಅಲ್ಲಿಯೂ ಯಂತ್ರಗಳು ನಿಂತು ವರ್ಷವಾಗಿದೆ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆಯವರು ಕೈ ನಿಲ್ಲಿಸಿ, “ಹುಡುಗಿ ಪರೀಕ್ಷೆ ಮಾರ್ಚಿನಲ್ಲಿದೆ” ಎಂದಷ್ಟೇ ಹೇಳಿದರು. ಒಂಬತ್ತನೆಯ ದಿನ ಮಾವನವರು ರುಜು ಹಾಕಿದರು.

ಉದ್ಯಮವೊಂದು ತನ್ನನ್ನು ತಾನು ಪುನಾರಚಿಸಿಕೊಳ್ಳುವಾಗ ಅಲ್ಲಿ ನ್ಯಾಯ ನಡೆಯಿತೋ ಇಲ್ಲವೋ ಎಂಬುದನ್ನು, ಹೊರಗೆ ಹೋದವರ ಕೈಗೆ ಎಷ್ಟು ಹಣ ಬಂದಿತೆಂಬುದರಿಂದ ಅಳೆಯುವುದು ನಮ್ಮಲ್ಲಿ ರೂಢಿಯಾಗಿ ಬಂದಿದೆ. ಹಣ ಅಲ್ಪವಾದದ್ದೆಂದು ನಾನು ಹೇಳಲಾರೆ. ಮಗಳ ಓದು, ಮನೆಯ ಸಾಲ, ವೃದ್ಧರ ಔಷಧ ಇವೆಲ್ಲವೂ ಹಣದಿಂದಲೇ ನಡೆಯತಕ್ಕವು. ಆದರೆ ಮಾವನವರು ಅಂದು ಕೇಳಿದ ಪ್ರಶ್ನೆಯನ್ನು ಇಷ್ಟು ವರ್ಷ ಮನಸ್ಸಿನಲ್ಲಿ ತಿರುವಿಹಾಕುತ್ತ ಬಂದ ನನಗೆ, ನ್ಯಾಯದ ಮೂಲವಿರುವುದು ಆ ಪ್ರಶ್ನೆಯಲ್ಲಿಯೇ ಎಂಬುದು ದೃಢವಾಗಿದೆ. ಬೇಡವೆನ್ನುವ ಅಧಿಕಾರವಿಲ್ಲದವನ ಒಪ್ಪಿಗೆಗೆ ಒಪ್ಪಿಗೆಯೆಂಬ ಹೆಸರು ಸಲ್ಲದು. ಮತ್ತು ಆ ಅಧಿಕಾರವು ಕಾಗದದ ಮೇಲೆ ಒಂದು ಅಂಕಣವನ್ನು ಹೆಚ್ಚಿಸಿದ ಮಾತ್ರಕ್ಕೆ ಉಂಟಾಗತಕ್ಕದ್ದೂ ಅಲ್ಲ. ಏಕೆ ಹೋಗಬೇಕೆಂಬುದರ ಕಾರಣ ಬರವಣಿಗೆಯಲ್ಲಿ ತಿಳಿದಿರಬೇಕು, ಯಾವ ಕ್ರಮದಲ್ಲಿ ಯಾರು ಹೋಗಬೇಕೆಂಬ ನಿಯಮ ಎಲ್ಲರಿಗೂ ಗೋಚರವಾಗಿರಬೇಕು, ವಿಚಾರಮಾಡಲು ಅವಕಾಶವಿರಬೇಕು, ಪಕ್ಕದಲ್ಲಿ ನಿಂತು ಮಾತನಾಡುವ ಒಬ್ಬನಾದರೂ ಇರಬೇಕು. ಇವುಗಳಿಲ್ಲದೆ ಇಚ್ಛೆಯೆಂಬುದು ಭಯದ ಇನ್ನೊಂದು ಹೆಸರಾಗುತ್ತದೆ.

ಆ ಅರ್ಜಿಯಲ್ಲಿದ್ದ ‘ಸ್ವಂತ ಇಚ್ಛೆ’ ಎಂಬ ಪದವು ಸೌಜನ್ಯಕ್ಕಾಗಿ ಬಳಸಿದ ಪದವಲ್ಲವೆಂಬುದು ನನಗೆ ಬಹುಕಾಲದ ಮೇಲೆ, ಕಾನೂನಿನ ಪುಸ್ತಕಗಳನ್ನು ತಿರುವಿದ ನಂತರ ತಿಳಿಯಿತು. 1947ರ ಕೈಗಾರಿಕಾ ವಿವಾದಗಳ ಅಧಿನಿಯಮಕ್ಕೆ 1953ರಲ್ಲಿ ಸೇರಿಸಲ್ಪಟ್ಟ ಅಧ್ಯಾಯವೊಂದು, ಕೆಲಸಗಾರರನ್ನು ಹೆಚ್ಚಾದರೆಂಬ ಕಾರಣದಿಂದ ಕಡಿತಗೊಳಿಸುವಾಗ ಮಾಲೀಕನು ನಡೆದುಕೊಳ್ಳತಕ್ಕ ರೀತಿಯನ್ನು ವಿಧಿಸಿತು. ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಸೇವೆ ಮಾಡಿದವನಿಗೆ, ಕಾರಣಗಳನ್ನು ನಮೂದಿಸಿ ಒಂದು ತಿಂಗಳ ಲಿಖಿತ ನೋಟೀಸು ಅಥವಾ ಆ ತಿಂಗಳ ಸಂಬಳ, ಪೂರೈಸಿದ ಪ್ರತಿಯೊಂದು ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ, ಸರ್ಕಾರಕ್ಕೆ ತಿಳಿವಳಿಕೆ. ಪರಿಹಾರವನ್ನು ಆಮೇಲೆ ಎಂದಾದರೂ ಕೊಟ್ಟರಾಯಿತೆಂಬ ವಾದಕ್ಕೆ 1960ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಹಾಸ್ಪಿಟಲ್ ಮಜ್ದೂರ್ ಸಭಾದ ಮೊಕದ್ದಮೆಯಲ್ಲಿ ಉತ್ತರ ಹೇಳಿ, ಹಣವನ್ನು ಕೊಡುವುದು ಕಡಿತಕ್ಕೆ ಪೂರ್ವಭಾವಿಯಾದ ಷರತ್ತು, ಅದು ನೆರವೇರದಿದ್ದರೆ ಕಡಿತವೇ ಅಸಿಂಧು ಎಂದು ನಿರ್ಣಯಿಸಿತು. ಇಷ್ಟೆಲ್ಲ ರಕ್ಷಣೆಯನ್ನು ಕೊಟ್ಟ ಅದೇ ಅಧಿನಿಯಮವು, ಕಡಿತವೆಂದರೇನೆಂಬುದನ್ನು ವಿವರಿಸುವ ಜಾಗದಲ್ಲಿ, ಕೆಲಸಗಾರನು ಸ್ವಯಂ ನಿವೃತ್ತನಾದರೆ ಅದು ಕಡಿತವಲ್ಲವೆಂದೂ ಹೇಳಿತ್ತು. ಆದಕಾರಣ ಅರ್ಜಿಯಲ್ಲಿನ ಆ ಒಂದು ಪದದ ಕೆಳಗೆ ರುಜು ಬಿದ್ದೊಡನೆ, ನೋಟೀಸು, ಜ್ಯೇಷ್ಠತೆಯ ಕ್ರಮ, ಮುಂದೆ ಜನ ಬೇಕಾದಾಗ ಮೊದಲು ಕರೆಯಿಸಿಕೊಳ್ಳುವ ಹಕ್ಕು ಇವು ಮೂರೂ ಒಟ್ಟಿಗೆ ಕಳಚಿಹೋಗುತ್ತವೆ.

ಪದಗಳ ನಡುವಣ ಬಿರುಕಿನಲ್ಲಿ ಮನುಷ್ಯರು ಬಿದ್ದುಹೋದದ್ದು ಇದೇ ಮೊದಲಲ್ಲ. ಬಾರ್ಸಿ ಲೈಟ್ ರೈಲ್ವೆಯನ್ನು ಸರ್ಕಾರ ವಹಿಸಿಕೊಂಡಾಗ ಹಳೆಯ ಕಂಪನಿಯ ನೌಕರರ ಸೇವೆ ಕೊನೆಗೊಂಡಿತು; ಉದ್ಯಮವೇ ಕೈಬದಲಾದಾಗ ಅಥವಾ ಮುಚ್ಚಿದಾಗ ಆಗುವ ಬಿಡುಗಡೆಯು ಕಡಿತವಲ್ಲ, ನಡೆಯುತ್ತಿರುವ ಉದ್ಯಮದಲ್ಲಿ ಹೆಚ್ಚಾದವರನ್ನು ಬಿಡಿಸುವುದು ಮಾತ್ರವೇ ಕಡಿತ, ಆದ್ದರಿಂದ ಪರಿಹಾರವಿಲ್ಲ ಎಂದು 1956ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆಗಿನ ಸರ್ಕಾರವು ಅರ್ಧ ವರ್ಷ ಕಳೆಯುವುದರೊಳಗಾಗಿ ಸುಗ್ರೀವಾಜ್ಞೆ ಹೊರಡಿಸಿ, 1957ರಲ್ಲಿ ಅಧಿನಿಯಮವನ್ನೇ ತಿದ್ದಿ, ಹಸ್ತಾಂತರಕ್ಕೂ ಮುಚ್ಚುಗಡೆಗೂ ಪರಿಹಾರವನ್ನು ವಿಧಿಸಿ, ಅದನ್ನು ತೀರ್ಪಿನ ಮರುದಿನದಿಂದಲೇ ಜಾರಿಯಾದಂತೆ ಮಾಡಿತು. ಬಿರುಕು ಕಂಡೊಡನೆ ಮುಚ್ಚಬೇಕೆಂಬ ಆ ಆತುರವನ್ನು ನಾನು ಗೌರವದಿಂದ ನೆನೆಯುತ್ತೇನೆ. ಸ್ವಯಂ ನಿವೃತ್ತಿಯೆಂಬ ಬಿರುಕಾದರೋ, ಕೇಂದ್ರದ ಸಾರ್ವಜನಿಕ ಉದ್ಯಮಗಳಿಗೆ ಯೋಜನೆಯ ರೂಪದಲ್ಲಿ ಅದು ಬಂದ 1988ರಿಂದ ಇಂದಿನ ಪರ್ಯಂತ ಅಗಲವಾಗುತ್ತಲೇ ಬಂದಿದೆ.

ನ್ಯಾಯಾಲಯಗಳು ಇದನ್ನು ಗಮನಿಸಲಿಲ್ಲವೆಂದಲ್ಲ. 2000ದಲ್ಲಿ ರಾಷ್ಟ್ರೀಕೃತ ಬ್ಯಾಂಕುಗಳು ಸ್ವಯಂ ನಿವೃತ್ತಿಯನ್ನು ತಂದಾಗ, ಒಮ್ಮೆ ಕೊಟ್ಟ ಅರ್ಜಿಯನ್ನು ಹಿಂತೆಗೆದುಕೊಳ್ಳಕೂಡದೆಂಬ ಷರತ್ತನ್ನು ಅವು ವಿಧಿಸಿದ್ದವು. ಸ್ವರ್ಣಕರ್ ಮೊಕದ್ದಮೆಯೆಂದು ಹೆಸರಾದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬ್ಯಾಂಕಿನ ಯೋಜನೆಯೆಂಬುದು ಆಹ್ವಾನ ಮಾತ್ರ, ನೌಕರನ ಅರ್ಜಿಯೇ ಪ್ರಸ್ತಾವ, ಅದನ್ನು ಬ್ಯಾಂಕು ಅಂಗೀಕರಿಸುವ ಮುನ್ನ ಅವನು ಹಿಂತೆಗೆದುಕೊಳ್ಳಬಹುದು, ಆದರೆ ಹಣವನ್ನು ಸ್ವೀಕರಿಸಿದವನು ಮತ್ತೆ ಹಿಂದಿರುಗಲಾರನು ಎಂದು ವಿವೇಚಿಸಿತು. ಬೇಡವೆನ್ನುವ ಅಧಿಕಾರಕ್ಕೆ ಕಾನೂನಿನಲ್ಲಿ ದೊರೆತ ಒಂದು ಚಿಕ್ಕ ಕಿಟಕಿ ಇದು. ನಮ್ಮ ಮಾವನವರಂಥವರ ಪಾಲಿಗೆ ಈ ಕಿಟಕಿಯಿದೆಯೆಂದು ಹೇಳುವವರು ಯಾರೂ ಇರಲಿಲ್ಲ; ಯೂನಿಯನ್ನಿನ ಕಚೇರಿಗೆ ಹೋಗಿ ಬಂದ ಅವರು, ಅಲ್ಲಿ ಮುಖಂಡರೂ ಅದೇ ಅರ್ಜಿಯನ್ನು ತುಂಬುತ್ತಿದ್ದರೆಂದು ನನಗೆ ಹೇಳಿದ್ದುಂಟು.

1953ರ ಅಧ್ಯಾಯದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಪರಿಹಾರದ ಲೆಕ್ಕಕ್ಕಿಂತಲೂ, ಕೊನೆಗೆ ಬಂದವನು ಮೊದಲು ಹೋಗತಕ್ಕದ್ದೆಂಬ ನಿಯಮ ಮತ್ತು ಅದನ್ನು ಕಾರ್ಯಕ್ಕೆ ತರಲು 1957ರ ಕೇಂದ್ರ ನಿಯಮಾವಳಿಯಲ್ಲಿ ಹೇಳಿದ್ದ ಒಂದು ಸಾಮಾನ್ಯವಾದ ಏರ್ಪಾಡು. ಯಾವ ವರ್ಗದ ಕೆಲಸಗಾರರಲ್ಲಿ ಕಡಿತ ಮಾಡಬೇಕೆಂದಿದೆಯೋ ಆ ವರ್ಗದವರೆಲ್ಲರ ಜ್ಯೇಷ್ಠತೆಯ ಪಟ್ಟಿಯನ್ನು ಸಿದ್ಧಪಡಿಸಿ, ಕಡಿತದ ದಿನಕ್ಕೆ ಏಳು ದಿನಗಳಾದರೂ ಮುಂಚಿತವಾಗಿ, ಎಲ್ಲರ ಕಣ್ಣಿಗೆ ಬೀಳುವ ಸ್ಥಳದಲ್ಲಿ ನೋಟೀಸು ಹಲಗೆಯ ಮೇಲೆ ಅಂಟಿಸತಕ್ಕದ್ದು. ಒಂದು ಹಲಗೆ, ಒಂದು ಪಟ್ಟಿ, ಏಳು ದಿನ. ಪಾಳಿ ಬಿಡುವ ಹೊತ್ತಿನಲ್ಲಿ ಅದರ ಮುಂದೆ ಗುಂಪುಕೂಡಿ ನಿಂತವರಲ್ಲಿ ಪ್ರತಿಯೊಬ್ಬನೂ ತನ್ನ ಹೆಸರನ್ನು ಬೆರಳಿಟ್ಟು ಹುಡುಕಬಲ್ಲನು. ತನಗಿಂತ ಎರಡು ವರ್ಷ ಈಚೆಗೆ ಬಂದ ಫೋರ್‌ಮನ್ನನ ಷಡ್ಡಕನ ಹೆಸರು ತನ್ನ ಹೆಸರಿಗಿಂತ ಮೇಲಿದ್ದರೆ, ಇದು ಹೇಗಾಯಿತೆಂದು ಕೇಳಬಲ್ಲನು. ಸೇರಿದ ದಿನಾಂಕ ತಪ್ಪಾಗಿದ್ದರೆ ನೇಮಕದ ಪತ್ರವನ್ನು ಮನೆಯ ಟ್ರಂಕಿನಿಂದ ತಂದು ತೋರಿಸಬಲ್ಲನು. ಪಟ್ಟಿಯು ಬಯಲಿನಲ್ಲಿರುವುದರಿಂದ ಅದರ ಮುಂದೆ ನಿಂತವನಿಗೆ ಬಾಯಿ ಬರುತ್ತದೆ.

ಈ ನಿಯಮದ ವಿರುದ್ಧ ಹೇಳತಕ್ಕ ಮಾತುಗಳೂ ಇವೆ. ಸೇವೆಯ ದೀರ್ಘತೆಯೇ ಯೋಗ್ಯತೆಯಲ್ಲ. ಹೊಸ ಯಂತ್ರವನ್ನು ಬಲ್ಲ ಯುವಕನು ಹೋಗಿ, ಕಲಿಯಲೊಲ್ಲದ ವೃದ್ಧನು ಉಳಿಯುವುದರಿಂದ ಉದ್ಯಮಕ್ಕೂ ಹಿತವಿಲ್ಲ, ಯುವಕನಿಗೂ ನ್ಯಾಯವಿಲ್ಲ ಎಂಬುದು ಸತ್ಯದ ಅಂಶವುಳ್ಳ ಆಕ್ಷೇಪ. ಶಾಸನವನ್ನು ರಚಿಸಿದವರು ಇದನ್ನು ಮರೆತವರಲ್ಲವಾದ್ದರಿಂದಲೇ, ಸಾಮಾನ್ಯವಾಗಿ ಈ ಕ್ರಮವನ್ನು ಅನುಸರಿಸಬೇಕು, ಬಿಡುವುದಾದರೆ ಕಾರಣವನ್ನು ಬರೆದಿಡಬೇಕು ಎಂದು ವಿಧಿಸಿದರು. ಜರ್ಮನಿಯಲ್ಲಿ ಸೇವೆಯ ಅವಧಿಯ ಜೊತೆಗೆ ವಯಸ್ಸು, ಪೋಷಿಸಬೇಕಾದ ಕುಟುಂಬದ ಭಾರ, ಅಂಗವೈಕಲ್ಯ ಇವುಗಳನ್ನೂ ತೂಗಿನೋಡಬೇಕೆಂಬ ಕಟ್ಟಳೆಯಿದೆ. ಯಾವ ಮಾನದಂಡವನ್ನು ಆರಿಸಿಕೊಂಡರೂ ಅದು ಮೊದಲೇ ತಿಳಿದಿರಬೇಕು ಮತ್ತು ಪ್ರಶ್ನೆಗೆ ಒಳಪಡುವಂತಿರಬೇಕು ಎಂಬುದರಲ್ಲಿ ಮಾತ್ರ ಸಡಿಲಿಕೆ ಸಲ್ಲದೆಂಬುದು ನನ್ನ ನಿಲುವು.

ಕಡಿತವನ್ನು ವಿವರಿಸುವಾಗ ಶಾಸನವು, ಶಿಸ್ತಿನ ಕ್ರಮವಾಗಿ ವಿಧಿಸಿದ ಶಿಕ್ಷೆಯ ಹೊರತಾಗಿ, ಎಂದು ಹೇಳಿರುವುದು ನನಗೆ ಬಹಳ ಗಂಭೀರವಾದ ಮಾತಾಗಿ ತೋರುತ್ತದೆ. ಕಡಿತಗೊಂಡವನು ನಿರ್ದೋಷಿ ಎಂಬ ಘೋಷಣೆ ಅದರಲ್ಲಿ ಅಡಗಿದೆ. ಬೇಡಿಕೆ ಕುಗ್ಗಿತು, ಯಂತ್ರ ಬದಲಾಯಿತು, ಸಾಲ ಏರಿತು. ಇವುಗಳಲ್ಲಿ ಯಾವುದೂ ಅವನ ತಪ್ಪಲ್ಲ. ಕೆಲಸವನ್ನು ಕಳೆದುಕೊಂಡವನಿಗೆ ಹೆಸರೊಂದಾದರೂ ಉಳಿಯಬೇಕೆಂಬ ಈ ವಿವೇಕವು ಇಂದು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಮಾಸಿಹೋಗುತ್ತಿರುವುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆ.

ಅಂದು ಮಾರ್ಚಿನಲ್ಲಿ ಪರೀಕ್ಷೆಗೆ ಕುಳಿತ ಆ ಹುಡುಗಿ, ನನ್ನ ಮಾವನ ಮಗಳು, ತಂದೆಯ ನಿವೃತ್ತಿಯ ಹಣದಿಂದಲೇ ಇಂಜಿನಿಯರಿಂಗ್ ಓದಿ, ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದಳು. ಕೆಲವು ವರ್ಷಗಳ ಕೆಳಗೆ ಒಂದು ಬೆಳಿಗ್ಗೆ ಕಂಪ್ಯೂಟರಿನ ಪರದೆಯ ಮೇಲೆ ಹದಿನೈದು ನಿಮಿಷದ ಸಭೆಗೆ ಅವಳಿಗೆ ಕರೆ ಬಂದಿತು. ಸಂಸ್ಥೆಯಲ್ಲಿ ಪುನಾರಚನೆಯಾಗುತ್ತಿದೆ, ನಿಮ್ಮ ಶ್ರೇಯಾಂಕ ಈ ಬಾರಿ ಕೆಳಗಿನ ದರ್ಜೆಯಲ್ಲಿದೆ, ಸಂಜೆಯೊಳಗೆ ರಾಜೀನಾಮೆ ಕಳುಹಿಸಿದರೆ ಎರಡು ತಿಂಗಳ ಸಂಬಳವೂ ಅನುಭವದ ಪ್ರಮಾಣಪತ್ರವೂ ದೊರೆಯುವುವು, ಇಲ್ಲವಾದರೆ ದಾಖಲೆಯಲ್ಲಿ ವಜಾ ಎಂದು ಬರೆಯಬೇಕಾಗುತ್ತದೆ ಎಂದು ಅವಳಿಗೆ ಹೇಳಿದರು. ಹಿಂದಿನ ವರ್ಷ ಅವಳಿಗೆ ಬಡ್ತಿ ಕೊಟ್ಟಿದ್ದವರೂ ಅವರೇ. ಶ್ರೇಯಾಂಕದ ಪಟ್ಟಿಯನ್ನು ಅವಳು ನೋಡಿರಲಿಲ್ಲ, ನೋಡುವ ಹಾಗೂ ಇರಲಿಲ್ಲ. ರಾಜೀನಾಮೆಗೆ ಕಾರಣವೆಂಬಲ್ಲಿ ಆಯ್ದುಕೊಳ್ಳಲು ಕೊಟ್ಟಿದ್ದ ನಾಲ್ಕೈದು ಪದಗಳಲ್ಲಿ ‘ವೈಯಕ್ತಿಕ’ ಎಂಬುದನ್ನು ಒತ್ತಿ ಕಳುಹಿಸಿದಳು. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪು ತಾನಾಗಿ ಮುಚ್ಚಿಕೊಂಡಿತು. ತಂದೆ ಸ್ವಂತ ಇಚ್ಛೆಯಿಂದ ಹೋದರು, ಮಗಳು ವೈಯಕ್ತಿಕ ಕಾರಣದಿಂದ ಹೋದಳು.

ಅವಳಿಗೆ ಆದ ನಷ್ಟ ತಂದೆಗೆ ಆದದ್ದಕ್ಕಿಂತ ಒಂದು ವಿಧದಲ್ಲಿ ಹಿರಿದು. ಮಾವನವರಿಗೆ ಯಾರೂ ನೀನು ಕೆಲಸ ಬಾರದವನೆಂದು ಹೇಳಿರಲಿಲ್ಲ. ಮಗಳಾದರೋ ಆಮೇಲೆ ತಿಂಗಳುಗಟ್ಟಲೆ, ತಾನು ಬರೆದ ಯಾವ ಪ್ರೋಗ್ರಾಮಿನಲ್ಲಿ ಏನು ತಪ್ಪಿತ್ತೆಂದು ರಾತ್ರಿ ಹೊತ್ತಿನಲ್ಲಿ ಕುಳಿತು ಯೋಚಿಸುತ್ತಿದ್ದಳು. ಸಂಸ್ಥೆಯ ಆಯವ್ಯಯದಲ್ಲಿ ಹುಟ್ಟಿದ ಕಾರಣವನ್ನು ಒಬ್ಬ ವ್ಯಕ್ತಿಯ ಅಯೋಗ್ಯತೆಯಾಗಿ ಮಾರ್ಪಡಿಸುವುದಿದೆಯಲ್ಲ, ಅದನ್ನು ನಾನು ಪುನಾರಚನೆಯ ಕಾಲದ ಅನ್ಯಾಯಗಳಲ್ಲೆಲ್ಲ ಕ್ರೂರವಾದದ್ದೆಂದು ಎಣಿಸುತ್ತೇನೆ. ಕಡಿಮೆ ಜನ ಸಾಕೆಂಬುದು ಒಂದು ನಿರ್ಧಾರ. ಇಂಥವನು ಅಸಮರ್ಥನೆಂಬುದು ಇನ್ನೊಂದು. ಎರಡನೆಯದನ್ನು ಹೇಳಬೇಕಾದರೆ ಅದಕ್ಕೆ ತಕ್ಕ ಆರೋಪ, ವಿಚಾರಣೆ, ಉತ್ತರಕ್ಕೆ ಅವಕಾಶ ಇರಬೇಕು.

ಇಂಥ ಸಂಸ್ಥೆಗಳಲ್ಲಿ ದುಡಿಯುವವರಿಗೆ ಕಾರ್ಮಿಕ ಕಾನೂನು ಅನ್ವಯಿಸುವುದೇ ಇಲ್ಲವೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ವ್ಯಾಪಕವಾಗಿದೆ. ಕರ್ನಾಟಕ ಸರ್ಕಾರವು ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳಿಗೆ ಹಲವು ವರ್ಷ ವಿನಾಯಿತಿ ಕೊಟ್ಟದ್ದು 1946ರ ಸ್ಥಾಯಿ ಆದೇಶಗಳ ಅಧಿನಿಯಮದಿಂದ. ಕೈಗಾರಿಕಾ ವಿವಾದಗಳ ಅಧಿನಿಯಮದಿಂದ ಅಲ್ಲ. ಆ ಅಧಿನಿಯಮವು ಕೈಕೆಲಸದವನನ್ನು ಮಾತ್ರವಲ್ಲದೆ ತಾಂತ್ರಿಕ ಕೆಲಸ ಮಾಡುವವನನ್ನೂ ಕೆಲಸಗಾರನೆಂದೇ ಗಣಿಸಿತ್ತು. ಹೊರಗಿಟ್ಟದ್ದು ಆಡಳಿತಗಾರರನ್ನು, ಮತ್ತು ಒಂದು ಮಿತಿಗೆ ಮೇಲ್ಪಟ್ಟ ಸಂಬಳ ಪಡೆಯುವ ಮೇಲ್ವಿಚಾರಕರನ್ನು. ನಾಲ್ಕು ಜನರ ತಂಡಕ್ಕೆ ಹಿರಿಯಳೆಂಬ ಬಿರುದನ್ನು ಹೊತ್ತು, ದಿನವಿಡೀ ತಾನೇ ಪ್ರೋಗ್ರಾಮು ಬರೆಯುವವಳು ಮೇಲ್ವಿಚಾರಕಳೋ ಕೆಲಸಗಾರಳೋ ಎಂಬುದು ಬಿರುದಿನಿಂದ ತೀರ್ಮಾನವಾಗತಕ್ಕದ್ದಲ್ಲ, ಮಾಡುವ ಕೆಲಸದಿಂದ ತೀರ್ಮಾನವಾಗತಕ್ಕದ್ದು. ಆದರೆ ಸಂಜೆಯೊಳಗೆ ಉತ್ತರ ಕೊಡಬೇಕಾದವಳಿಗೆ ಇದನ್ನೆಲ್ಲ ಯಾರು ಹೇಳಬೇಕು?

ಉದ್ಯಮವು ಬದಲಾಗಲೇಬಾರದೆಂದು ವಾದಿಸುವವನು ನಾನಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾಗಿ, ಒಂದು ತಲೆಮಾರಿನ ಭಾರತೀಯರ ಮುಂಗೈಗಳ ಮೇಲೆಲ್ಲ ನಡೆದಾಡಿದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ಕೇಂದ್ರ ಸಂಪುಟದಲ್ಲಿ ಅಂಗೀಕಾರವಾದದ್ದು 2016ರ ಜನವರಿಯಲ್ಲಿ. ಅಷ್ಟರೊಳಗೆ ಪೇಟೆಯು ಆ ಗಡಿಯಾರಗಳನ್ನು ಬಿಟ್ಟು ವರ್ಷಗಳೇ ಆಗಿದ್ದವು. ನಿವೃತ್ತಿಯ ಮೊತ್ತವನ್ನು 2007ರ ವೇತನಶ್ರೇಣಿಯನ್ನು ಕಲ್ಪಿಸಿಕೊಂಡು ಲೆಕ್ಕಹಾಕಬೇಕೆಂದು ಆಗ ತೀರ್ಮಾನವಾಯಿತು. ಕಲ್ಪಿಸಿಕೊಳ್ಳಬೇಕಾದುದೇಕೆಂದರೆ, ನಿಜವಾಗಿ ಕೈಗೆ ಬರುತ್ತಿದ್ದ ಸಂಬಳ ಅದಕ್ಕಿಂತ ಹಿಂದಿನ ಶ್ರೇಣಿಯದು. ನಿರ್ಧಾರವನ್ನು ಮುಂದೂಡುತ್ತ ಹೋಗುವುದನ್ನು ಕೆಲಸಗಾರರ ಮೇಲಿನ ದಯೆಯೆಂದು ಭಾವಿಸುವವರು ‘ಕಲ್ಪಿಸಿಕೊಂಡು’ ಎಂಬ ಈ ಒಂದು ಪದದ ಮೇಲೆ ಸ್ವಲ್ಪ ಹೊತ್ತು ಮನಸ್ಸನ್ನು ನಿಲ್ಲಿಸಬೇಕು.

ಕೋಲಾರದ ಚಿನ್ನದ ಗಣಿಯ ಕಥೆ ಇದಕ್ಕಿಂತ ಭಾರವಾದದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕಾಲದಿಂದ ತೋಡುತ್ತ ಬಂದು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕಿಳಿದ ಆ ಗಣಿಗಳಲ್ಲಿ, ತೆಗೆದ ಕಲ್ಲಿನಿಂದ ಬರುವ ಚಿನ್ನವು ತೆಗೆಯುವ ವೆಚ್ಚವನ್ನು ತೂಗದೆಹೋಯಿತೆಂಬುದು ನಿಜ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆದರೆ ಅಲ್ಲಿ ದುಡಿಮೆಗಾರನಿದ್ದ ಲೈನುಮನೆ ಗಣಿಯದು, ಅವನ ಆಸ್ಪತ್ರೆ ಗಣಿಯದು, ನೀರೂ ದೀಪವೂ ಗಣಿಯಿಂದ ಬಂದವು. ಮೂರು ನಾಲ್ಕು ತಲೆಮಾರು ಭೂಗರ್ಭದ ಬಿಸಿಯಲ್ಲಿ ಕಲ್ಲಿನ ಧೂಳನ್ನು ಉಸಿರಾಡಿದ ಕುಟುಂಬಕ್ಕೆ, ಬೇರೆ ಯಾವ ಕಸುಬೂ ಇಲ್ಲದ ಊರಿನಲ್ಲಿ, ಬೇಡವೆಂದು ಹೇಳುವುದೆಂದರೆ ಏನನ್ನು ಹೇಳಿದಂತೆ? ಕೆಲಸದೊಡನೆ ಸೂರೂ ಹೋಗುವ ಸ್ಥಳದಲ್ಲಿ ಪರಿಹಾರದ ಲೆಕ್ಕವನ್ನು ಸೇವೆಯ ವರ್ಷಗಳಿಂದ ಗುಣಿಸಿ ಮುಗಿಸುವುದು ಗಣಿತವಾದೀತು, ನ್ಯಾಯವಾಗದು. ಇಂದಿಗೂ ನಸುಕಿನಲ್ಲಿ ಮಾರಿಕುಪ್ಪದಿಂದ ಹೊರಡುವ ರೈಲುಗಳಲ್ಲಿ ಆ ಗಣಿಗಾರರ ಮಕ್ಕಳೂ ಮೊಮ್ಮಕ್ಕಳೂ ಬೆಂಗಳೂರಿಗೆ ದುಡಿಯಲು ಬಂದು, ರಾತ್ರಿ ಅದೇ ಲೈನುಗಳಿಗೆ ಹಿಂದಿರುಗುತ್ತಾರೆ.

ಬದಲಾವಣೆಯ ಫಲವೂ ಭಾರವೂ ಹೇಗೆ ಹಂಚಿಕೆಯಾಗಬೇಕೆಂಬುದನ್ನು ನಮ್ಮ ಹಿರಿಯರು ಆಲೋಚಿಸಿರಲಿಲ್ಲವೆಂದು ತಿಳಿಯಕೂಡದು. 1957ರ ಜುಲೈಯಲ್ಲಿ ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತು, ಹೊಸ ಯಂತ್ರ, ಹೊಸ ವಿಧಾನಗಳನ್ನು ತರುವಾಗ ಈಗಿರುವವರ ಕೆಲಸಕ್ಕೂ ಗಳಿಕೆಗೂ ಕುಂದು ಬರಕೂಡದು, ಅದರಿಂದಾದ ಲಾಭವು ಸಮಾಜಕ್ಕೂ ಮಾಲೀಕನಿಗೂ ಕೆಲಸಗಾರನಿಗೂ ನ್ಯಾಯವಾಗಿ ಹಂಚಿಕೆಯಾಗಬೇಕು, ಕೆಲಸದ ಹೊರೆಯನ್ನು ಉಭಯರೂ ಒಪ್ಪಿದ ತಜ್ಞರು ಅಳೆಯಬೇಕು ಎಂದು ಒಡಂಬಟ್ಟರು. ವಿವಾದಗಳ ಅಧಿನಿಯಮದಲ್ಲಿಯೂ, ಕಡಿತಕ್ಕೆ ದಾರಿಯಾಗಬಹುದಾದ ಇಂಥ ಬದಲಾವಣೆಯನ್ನು ಮಾಡುವ 21 ದಿನಗಳ ಮುಂಚೆ ಕೆಲಸಗಾರರಿಗೆ ನೋಟೀಸು ಕೊಡಬೇಕೆಂಬ ವಿಧಿಯಿದ್ದಿತು.

ಕಳೆದ ಮೂವತ್ತು ವರ್ಷಗಳ ಚರ್ಚೆಯಾದರೋ ಬೇರೊಂದು ಕಡೆಗೆ ತಿರುಗಿ, ಒಂದು ಅಂಕಿಯ ಸುತ್ತಲೇ ನಿಂತುಬಿಟ್ಟಿತು. 1976ರಲ್ಲಿ, 300 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳು ಕಡಿತಕ್ಕೆ ಮುನ್ನ ಸರ್ಕಾರದ ಅನುಮತಿ ಪಡೆಯಬೇಕೆಂದಾಯಿತು. 1982ರ ತಿದ್ದುಪಡಿಯಿಂದ ಆ ಸಂಖ್ಯೆ 100ಕ್ಕೆ ಇಳಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಮತ್ತೆ 300ಕ್ಕೆ ಏರಿಸಿದೆ. ಅನುಮತಿಯ ಕಟ್ಟಳೆಯಿಂದ ಉದ್ಯಮಗಳು ಬೆಳೆಯಲು ಅಂಜಿದುವು, ಗುತ್ತಿಗೆ ಕೆಲಸ ಹೆಚ್ಚಿತು, ನಿಂತ ಯಂತ್ರಗಳ ಮುಂದೆ ಜನರನ್ನು ಕೂರಿಸಬೇಕಾಯಿತು ಎಂಬ ಮಾಲೀಕರ ಅಳಲನ್ನು ನಾನು ಸುಳ್ಳೆನ್ನುವುದಿಲ್ಲ. ಅನುಮತಿಯೆಂಬುದು ಅನೇಕ ವೇಳೆ ಸಚಿವಾಲಯದ ಕಡತಗಳ ನಡುವೆ ಮಲಗಿದ್ದುದೂ ಉಂಟು. ಆದರೆ ಅನುಮತಿಯನ್ನು ವಿಧಿಸಿದ ಆ ಅಧ್ಯಾಯದಲ್ಲಿ ಅನುಮತಿಗಿಂತ ಅಮೂಲ್ಯವಾದ ಇನ್ನೊಂದು ವಸ್ತುವಿದ್ದಿತು: ಆಜ್ಞೆ ಮಾಡುವ ಮುನ್ನ ಮಾಲೀಕನನ್ನಷ್ಟೇ ಅಲ್ಲದೆ ಸಂಬಂಧಪಟ್ಟ ಕೆಲಸಗಾರರನ್ನೂ ವಿಚಾರಿಸಿ, ಅವರ ಮಾತನ್ನು ಕೇಳಿ, ಕಾರಣಗಳನ್ನು ಬರೆದು ತಿಳಿಸಬೇಕೆಂಬ ವಿಧಿ. 1992ರಲ್ಲಿ ಮೀನಾಕ್ಷಿ ಮಿಲ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಧಿಯನ್ನು ಎತ್ತಿಹಿಡಿಯಿತು. ಸಂಖ್ಯೆಯನ್ನು ಮುನ್ನೂರಕ್ಕೆ ಏರಿಸಿದಾಗ, ನೂರರಿಂದ ಮುನ್ನೂರರೊಳಗಿನ ಕಾರ್ಖಾನೆಗಳಲ್ಲಿ ಹೋದದ್ದು ಅನುಮತಿ ಮಾತ್ರವಲ್ಲ, ಅದರೊಡನೆ ಕೇಳಿಸಿಕೊಳ್ಳುವ ಆ ಸಂದರ್ಭವೂ ಹೋಯಿತು. ಅನುಮತಿಯನ್ನು ತೆಗೆಯುವುದಾಗಿದ್ದರೆ ತೆಗೆಯಬಹುದಿತ್ತು, ಮಾತನ್ನು ಉಳಿಸಿಕೊಳ್ಳಬಹುದಿತ್ತು. ಕೈಗಾರಿಕೆಯ ಆಡಳಿತದಲ್ಲಿ ಕೆಲಸಗಾರರು ಭಾಗಿಗಳಾಗುವಂತೆ ರಾಜ್ಯವು ಕ್ರಮ ಕೈಗೊಳ್ಳಬೇಕೆಂದು ಸಂವಿಧಾನದ 43ಎ ವಿಧಿಯು 1976ರಿಂದಲೂ ಹೇಳುತ್ತಿದೆ.

ಕೇಳುವುದರಿಂದ ಆಗುವ ಪ್ರಯೋಜನವೇನೆಂದು ಪ್ರಶ್ನಿಸುವವರಿಗೆ ಮಾವನವರ ವಿಭಾಗದ ಹನ್ನೊಂದು ಲೇತುಗಳನ್ನು ತೋರಿಸಬೇಕು. ಅವುಗಳಲ್ಲಿ ನಾಲ್ಕು ಎರಡು ವರ್ಷದಿಂದ ನಿಂತಿದ್ದವು. ಹೆಚ್ಚುವರಿ ಜನರ ಲೆಕ್ಕ ಹೊರಟದ್ದೇ ಆ ನಾಲ್ಕರಿಂದ. ಅವು ನಿಂತದ್ದು ಕೆಲಸವಿಲ್ಲದೆ ಅಲ್ಲ, ಬೇರಿಂಗು ಬದಲಾಯಿಸುವ ಬೇಡಿಕೆಪತ್ರ ಸ್ಟೋರ್ಸಿನಲ್ಲಿ ಉಳಿದುಹೋದುದರಿಂದ. ಉಕ್ಕಿನ ಸುರುಳಿ ಬೀಳುವ ಸದ್ದಿನಿಂದಲೇ ಲೇತಿನ ಉಳಿಯ ಮೊನೆ ಮೊಂಡಾದುದನ್ನು ಹೇಳಬಲ್ಲ ಮನುಷ್ಯ ಅವರು. ವಿಭಾಗವನ್ನು ಅರ್ಧ ಜನರಿಂದ ನಡೆಸಬಹುದೇ ಎಂದು ಅವರನ್ನು ಒಬ್ಬರಾದರೂ ಕೇಳಿದ್ದರೆ, ಎಷ್ಟು ಮಂದಿಯಿಂದ ನಡೆಸಬಹುದು, ಯಾರು ಹೋಗಲು ನಿಜವಾಗಿಯೂ ಸಿದ್ಧರಿದ್ದಾರೆ ಎಂಬುದನ್ನು ಹೇಳುತ್ತಿದ್ದರು. ಹೋಗಲು ಸಿದ್ಧರಿದ್ದವರೂ ಇದ್ದರು. ಊರಿನಲ್ಲಿ ತೋಟವಿದ್ದವರಿಗೆ ಆ ಯೋಜನೆ ವರವಾಗಿಯೇ ಬಂದಿತು. ಅಂಥವರ ರುಜುವಿಗೂ ಮಾವನವರ ರುಜುವಿಗೂ ನಡುವಣ ಭೇದವನ್ನು ಆ ಅರ್ಜಿ ತಿಳಿಯಲಾರದು, ಕೇಳಿದವರು ಮಾತ್ರ ತಿಳಿಯಬಲ್ಲರು.

ಹೊಸ ಸಂಹಿತೆಯಲ್ಲಿ ಒಳ್ಳೆಯದೂ ಇದೆ. ಕಡಿತಗೊಂಡವನ ಖಾತೆಗೆ, ಹೊಸ ಕುಶಲತೆಯನ್ನು ಕಲಿಯುವುದಕ್ಕಾಗಿ, ಕೊನೆಯ ವೇತನದ ದರದಲ್ಲಿ 15 ದಿನಗಳ ಹಣ 45 ದಿನದೊಳಗೆ ಸೇರಬೇಕೆಂಬುದು ಸ್ವಾಗತಾರ್ಹ, ಹದಿನೈದು ದಿನದಲ್ಲಿ ಯಾವ ಕುಶಲತೆಯನ್ನು ಕಲಿಯಬಹುದೆಂಬ ಪ್ರಶ್ನೆ ಉಳಿದರೂ. ಕೊನೆಗೆ ಬಂದವನು ಮೊದಲು ಹೋಗಬೇಕೆಂಬ ನಿಯಮವೂ ಉಳಿದಿದೆ. ಆದರೆ ಹಿಂದಿನ ಅಧಿನಿಯಮದಲ್ಲಿ ಕಾಲದ ಮಿತಿಯಿಲ್ಲದೆ ಇದ್ದ ಮರುನೇಮಕದ ಆದ್ಯತೆಯು ಈಗ ಒಂದು ವರ್ಷಕ್ಕೆ ಕಟ್ಟುಬಿದ್ದಿದೆ. ಹದಿಮೂರನೆಯ ತಿಂಗಳಲ್ಲಿ ಹೊಸಬರನ್ನು ಕರೆದರೆ ಹಳಬನು ಕೇಳುವಂತಿಲ್ಲ. ಕೆಲಸವು ನಿಜವಾಗಿಯೂ ಇಲ್ಲವಾಯಿತೋ ಅಥವಾ ಸಂಬಳದ ಭಾರ ಮಾತ್ರ ಬೇಡವಾಯಿತೋ ಎಂಬುದನ್ನು ಪರೀಕ್ಷಿಸುವ ಒರೆಗಲ್ಲು ಆ ಆದ್ಯತೆಯೇ ಆಗಿದ್ದುದರಿಂದ, ಅದನ್ನು ಕಿರಿದುಗೊಳಿಸಿದ್ದು ನನಗೆ ಸರಿಯೆನಿಸುವುದಿಲ್ಲ.

ಮಾವನವರ ವಿಷಯದಲ್ಲಿ ಆ ಪರೀಕ್ಷೆ ಏಳು ತಿಂಗಳಲ್ಲಿಯೇ ನಡೆಯಿತು. ಸ್ವಯಂ ನಿವೃತ್ತಿಯಿಂದ ತೆರವಾದ ಸ್ಥಾನವನ್ನು ಮತ್ತೆ ತುಂಬಕೂಡದೆಂಬುದು, ಆ ಹಣಕ್ಕೆ ಆದಾಯ ತೆರಿಗೆಯ ವಿನಾಯಿತಿ ದೊರೆಯಬೇಕಾದರೆ ಪಾಲಿಸತಕ್ಕ ಷರತ್ತುಗಳಲ್ಲಿ ಒಂದು. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿರುವವನು ಕಂಪನಿಯ ನೌಕರನಲ್ಲವಾದುದರಿಂದ ಅವನಿಂದ ಸ್ಥಾನ ತುಂಬಿದಂತಾಗುವುದಿಲ್ಲ. ಒಂದು ಭಾನುವಾರ ಅಂಥ ಗುತ್ತಿಗೆದಾರನೊಬ್ಬನು ಮನೆಗೆ ಬಂದು, ಅತ್ತೆಯವರು ಕೊಟ್ಟ ಕಾಫಿಯನ್ನು ಕುಡಿದು, “ಯಜಮಾನ್ರೇ, ನಿಮ್ಮ ಮೆಷೀನು ನಿಮಗೇ ಗೊತ್ತು, ಬಂದ್ಬಿಡಿ” ಎಂದನು. ದಿನಗೂಲಿ ಹಿಂದಿನ ಸಂಬಳದ ಮೂರನೆಯ ಒಂದು ಪಾಲಿಗಿಂತ ಕಡಿಮೆ. ನಿವೃತ್ತಿಯ ಹಣದಲ್ಲಿ ಕಾಲೇಜಿನ ಶುಲ್ಕ ಹೋಗಿದ್ದಿತು, ಸಾಲದ ಬಾಕಿ ಹೋಗಿದ್ದಿತು. ಮಾವನವರು ಹೋದರು.

ಗೇಟಿನಲ್ಲಿ ಅವರಿಗೆ ಹಳದಿ ಬಣ್ಣದ ಪಾಸು ಕೊಟ್ಟರಂತೆ. ಕಾಯಂ ನೌಕರರದು ನೀಲಿ. ಸೈರನ್ನು ಅದೇ, ಲೇತು ಅದೇ, ಹಿಡಿಯ ಮೇಲೆ ಅವರದೇ ಬೆರಳುಗಳಿಂದಾದ ಸವಕಳಿ ಅದೇ. ಬೇರಿಂಗನ್ನು ಯಾರೋ ಬದಲಾಯಿಸಿದ್ದರು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಕ್ಯಾಂಟೀನಿನ ಬಾಗಿಲ ಪಕ್ಕದಲ್ಲಿದ್ದ ನೋಟೀಸು ಹಲಗೆಯ ಮುಂದೆ, ಇಪ್ಪತ್ತಾರು ವರ್ಷಗಳ ಅಭ್ಯಾಸದಿಂದ, ಅವರು ನಿಂತು ನೋಡಿದರಂತೆ. ಅಲ್ಲಿ ಆ ದಿನ ಊಟತಿಂಡಿಯ ದರಪಟ್ಟಿಯೊಂದೇ ಇದ್ದಿತು. ಎರಡು ಕಂಬಸಾಲುಗಳಲ್ಲಿ, ನೀಲಿ ಪಾಸಿನವರಿಗೆ ಒಂದು ದರ, ಹಳದಿ ಪಾಸಿನವರಿಗೆ ಇನ್ನೊಂದು.